ಸಾಕ್ಷಿ ಬಾಟಲಿ

ಸಾಕ್ಷಿ ಬಾಟಲಿಯಲ್ಲಿ ಸೀಸದ ಅಂಶ ಸಿಕ್ಕಿತು. ಯಂತ್ರದ ಪರದೆಯ ಮೇಲೆ ಅಂಕಿ ಮೂಡಿದಾಗ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅಂಕಿ ಅಲ್ಲೇ ಇತ್ತು.

"ಏನಮ್ಮಾ ಇದು?"

ಹುಡುಗಿ ಪರದೆಯತ್ತ ಬಗ್ಗಿ ನೋಡಿದಳು. ಮುಚ್ಚಿಹೋದ ಗಣಿಯ ಕೆಳಗಿನ ಹಳ್ಳದಿಂದ ಪರೀಕ್ಷೆಗೆ ನೀರು ತರುವುದು ಅವಳ ಕೆಲಸ. ಹೋದಾಗಲೆಲ್ಲ ಕಾಲೇಜಿನ ಶುದ್ಧ ನೀರು ತುಂಬಿ ಮೇಲೆ ಸೊನ್ನೆ ಬರೆದ ಒಂದು ಸಾಕ್ಷಿ ಬಾಟಲಿಯನ್ನೂ ಒಯ್ಯಬೇಕು. ಹಳ್ಳದ ದಂಡೆಯಲ್ಲಿ ಅದರ ಮುಚ್ಚಳ ತೆರೆದು, ಮುಚ್ಚಿ, ಹಾಗೇ ವಾಪಸ್ ತರಬೇಕು. ಅದು ಶುದ್ಧವಾಗಿಯೇ ಉಳಿದರೆ ತಂದವರ ಕೈ ಶುದ್ಧ, ಉಳಿದ ಬಾಟಲಿಗಳ ವಿಷ ಹಳ್ಳದ್ದೇ ಎಂದರ್ಥ. ಅದೇ ಕೆಟ್ಟರೆ ಉಳಿದವನ್ನು ಯಾರೂ ನಂಬುವುದಿಲ್ಲ.

"ಗಣಿಯವರ ವಕೀಲರು ನೋಡಿದ್ರೆ ನಗ್ತಾರೆ. ಈ ಸಲದ್ದೆಲ್ಲ ನೀರಲ್ಲಿ ಹೋಮ," ಎಂದರು ಮೇಷ್ಟ್ರು. "ಕೈಗವಸು ಹಾಕಿದ್ಯಾ?"

"ಹಾಕಿದ್ದೆ ಸರ್."

"ನಿನ್ನ ಕೈ ಸರಿಯಿಲ್ಲಮ್ಮ. ಮುಂದಿನ ಸಲ ಬೇರೆಯವರು ಹೋಗಲಿ."

ಮನೆಗೆ ಮರಳುವ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದರೆ ಹಳ್ಳ ಬಂತು. ಅದೆಂದರೆ ಅವಳಿಗೆ ಪ್ರಾಣ. ಬೆಳಗಿನ ಮಂಜಿನಲ್ಲಿ ತಳದ ಒಂದೊಂದು ಕಲ್ಲೂ ಕಾಣುವಷ್ಟು ತಿಳಿ, ಅದರೊಳಗೆ ಎಲ್ಲಿಂದಲೋ ಇಳಿದ ನೀಲಿ. ಮೀನಿಲ್ಲ, ಪಾಚಿಯಿಲ್ಲ, ಕಪ್ಪೆಯ ದನಿಯಿಲ್ಲ. ಬದುಕಿರುವುದು ಏನೂ ಇಲ್ಲದ್ದರಿಂದಲೇ ಅಷ್ಟು ಚೆಲುವು ಎಂದು ಗೊತ್ತಿದ್ದೂ, ಅದರ ಮುಂದೆ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ಅರೆನಿದ್ದೆಯಲ್ಲಿ ಆ ನೀರು ಬಸ್ಸನ್ನೂ ಹೊಕ್ಕಿತು. ಕಂಡಕ್ಟರ್ ಮೊಣಕಾಲುದ್ದ ನೀಲಿಯಲ್ಲಿ ನಿಂತು ಟಿಕೆಟ್ ಕೊಡುತ್ತಿದ್ದ. ಯಾರ ಚಪ್ಪಲಿಯೂ ಒದ್ದೆಯಾಗಲಿಲ್ಲ. ಇನ್ನು ಅಲ್ಲಿಗೆ ಹೋಗುವಂತಿಲ್ಲ ಎಂಬುದು ನೆನಪಾಗಿ ಅಳು ಬಂತು. ಇಳಿದು ಮನೆಯತ್ತ ನಡೆಯುವಾಗಲೂ ಕಿವಿಯಲ್ಲಿ ಹಳ್ಳ ಹರಿಯುತ್ತಲೇ ಇತ್ತು.

ಅಡುಗೆಮನೆಯಲ್ಲಿ ಅಮ್ಮ ಅಕ್ಕನ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಲ್ಲಿಯ ಕೆಳಗೆ ಪಾತ್ರೆ ಇಟ್ಟಿದ್ದಳು.

"ಯಾಕೇ, ಮುಖ ಹೀಗೆ ಬಾಡಿದೆ?"

"ಒಂದು ಬಾಟಲಿ ಕೆಟ್ಟುಹೋಯ್ತಮ್ಮ. ಮೇಲೆ ಸೊನ್ನೆ ಬರೆದಿತ್ತಲ್ಲ, ಅದು. ನನ್ನ ಕೈಯೇ ಸರಿಯಿಲ್ವಂತೆ."

"ಸೊನ್ನೆ ಬರೆದಿದ್ದಾ? ಅದರ ನೀರು ನಾನೇ ಬದಲಾಯಿಸಿದ್ನಲ್ಲೇ," ಎಂದಳು ಅಮ್ಮ, ಮಗುವಿನ ಮೂಗು ಒರೆಸುತ್ತ. "ನಿನ್ನ ಚೀಲಕ್ಕೆ ಊಟದ ಡಬ್ಬಿ ಇಡೋವಾಗ ಕಣ್ಣಿಗೆ ಬಿತ್ತು. ಒಂದು ಗುಟುಕು ಕುಡಿದ್ರೆ ಸಪ್ಪೆ ಅಂದ್ರೆ ಸಪ್ಪೆ, ಯಾವ ಕಾಲದ ನೀರೋ ಏನೋ. ಬಿಸಿಲಲ್ಲಿ ಅಲೆಯೋ ಹುಡುಗಿ ಪಾಪ ಅಂತ ಅದನ್ನ ಚೆಲ್ಲಿ, ಒಳ್ಳೇ ನೀರು ತುಂಬಿಟ್ಟೆ."

ಹುಡುಗಿಗೆ ಹೋದ ಜೀವ ಬಂದಂತಾಯಿತು. ಅಮ್ಮಂದಿರನ್ನು ತಡೆಯುವ ನಿಯಮವನ್ನು ಯಾವ ಕಾಲೇಜೂ ಇನ್ನೂ ಬರೆದಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಕೈ ಶುದ್ಧವಾಗಿಯೇ ಇತ್ತು. ನಾಳೆ ಹೇಳಿದರೆ ಮೇಷ್ಟ್ರೂ ನಕ್ಕಾರು, ಹಳ್ಳ ಮತ್ತೆ ಅವಳದಾದೀತು. ಚಿಕ್ಕಮ್ಮ ನಗುವುದು ಕಂಡು ಮಗುವೂ ಕೇಕೆ ಹಾಕಿತು.

"ಅದೆಲ್ಲಿ ಸಿಕ್ತು ನಿಂಗೆ ಅಂಥ ಒಳ್ಳೇ ನೀರು?" ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಎಲ್ಲಿ ಅಂದ್ರೆ? ಇದೇ ನಲ್ಲೀದು. ಇದು ಬೆಟ್ಟದ ಆಚೆ ಕಡೆಯಿಂದ ಬರೋ ನೀರು, ಗಣಿಗೂ ಇದಕ್ಕೂ ಸಂಬಂಧವೇ ಇಲ್ಲ. ಎಷ್ಟು ಸಿಹಿ ಅಂತ ಊರೇ ಹೇಳುತ್ತೆ." ಅಮ್ಮ ಮಗುವಿನ ಪುಟ್ಟ ಲೋಟವನ್ನು ತುಂಬಿಸಿ ಅದರ ತುಟಿಗೆ ಹಿಡಿದಳು.

ಹುಡುಗಿಗೆ ಪರದೆಯ ಮೇಲಿನ ಸೀಸದ ಅಂಕಿ ನೆನಪಾಯಿತು. ಲೋಟ ಕಿತ್ತುಕೊಂಡಳು. ಮಗು ಅಳತೊಡಗಿತು, "ನಿಂಗೇನಾಯ್ತೇ?" ಎಂದು ಅಮ್ಮ ಗದರಿದಳು. ಹುಡುಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದಳು.

ಹರಿಯುವ ಸದ್ದು ನಿಲ್ಲಲಿಲ್ಲ. ಕಿವಿಯಲ್ಲಿ ಇನ್ನೂ ಹಳ್ಳವೇ ಇರಬೇಕೆಂದುಕೊಂಡು ಕಿಟಕಿ ತೆರೆದಳು. ಸಂಜೆಯ ನೀರು ಬಿಡುವ ಹೊತ್ತು. ಬೀದಿಯುದ್ದಕ್ಕೂ ಮನೆಮನೆಯಲ್ಲಿ ಪಾತ್ರೆಗಳು ತುಂಬುತ್ತಿದ್ದವು.