ಬೆಳ್ಳಿಯ ದನಿ

ಪರಂಗಿಗಳ ಕಾಲದ ಬೆಳ್ಳಿ ನಾಣ್ಯವನ್ನು ಹಳೆಯ ನಾಣ್ಯಗಳ ಮುದುಕ ವ್ಯಾಪಾರಿ ಅಮೃತಶಿಲೆಯ ಹಲಗೆಯ ಮೇಲೆ ಎರಡನೆಯ ಸಲ ಬೀಳಿಸಿದ. ಈ ಸಲವೂ ಅವನಿಗೆ ಅದರ ಸದ್ದು ಕೇಳಿಸಲಿಲ್ಲ. ಜನರ ಮಾತು ಕೇಳಿಸುತ್ತಿತ್ತು, ಬೆಳ್ಳಿಯ ಸಣ್ಣ ದನಿ ಮಾತ್ರ ಇಲ್ಲ. ನಲವತ್ತು ವರ್ಷ ಅವನು ಅಸಲಿ, ನಕಲಿ ಎಂದು ಹೇಳಿದ್ದೆಲ್ಲ ಆ ದನಿ ಹಿಡಿದೇ.

"ನಮ್ಮಜ್ಜಿ ಕೊಟ್ಟಿದ್ದು ಯಜಮಾನ್ರೇ," ಎಂದಳು ನಾಣ್ಯ ತಂದ ಹೆಂಗಸು. "ನೀವು ಅಸಲಿ ಅಂದ್ರೆ ಸಾಕು, ಇನ್ನೆಲ್ಲೂ ತೋರ್ಸಲ್ಲ."

ಅಸಲಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ ಅವಳು ನಂಬಿಕೊಂಡು ಹೋಗುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಅವನ ಮಗಳು ತಲೆಯೆತ್ತದೆ ಭೂತಗನ್ನಡಿ ಒರೆಸುತ್ತಿದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು. ಅಪ್ಪನ ಕಿವಿಗೆ ಆ ದನಿ ಈಗ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮುದುಕ ಹಲಗೆಯನ್ನು ಮಗಳ ಮುಂದಕ್ಕೆ ಸರಿಸಿ, ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟ. "ನೀನು ಬೀಳಿಸಿ ನೋಡಮ್ಮ," ಎಂದ, ಹೆಂಗಸಿಗೂ ಕೇಳುವಂತೆ. "ನಂಗೆ ಕೇಳಿಸ್ತಾ ಇಲ್ಲ."