ಏಳನೆಯ ಕೊಳವೆ

"ಏಳಾ? ನಾನು ಬರೆದ ಪುಸ್ತಕದಲ್ಲಿ ಆರು ಅಂತಿದೆ. ಎಲ್ಲಿ, ನನ್ನ ಕಣ್ಣೆದುರಿಗೇ ಬಿಡಿಸಿ ತೋರಿಸು," ಎಂದರು ಮೇಷ್ಟ್ರು. ಎಲೆರಸ ಹೀರುವ ಒಂದು ಜಾತಿಯ ತಿಗಣೆಯ ವೃಷಣದಲ್ಲಿ ಏಳು ಕೊಳವೆಗಳಿವೆ ಎಂದು ಅವರ ಸಂಶೋಧನಾ ವಿದ್ಯಾರ್ಥಿನಿ ಪ್ರಬಂಧದಲ್ಲಿ ಬರೆದಿದ್ದಳು. ಪ್ರಯೋಗಾಲಯದಲ್ಲಿ ಉಳಿದಿದ್ದದ್ದು ಒಂದೇ ಗಂಡು ತಿಗಣೆ. ಈಗ ಅದೂ ಮೈಕ್ರೋಸ್ಕೋಪಿನ ಕೆಳಗೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ನಡುಗುಕೈ ಎಂದು. ವೃಷಣವನ್ನು ಸುತ್ತಿದ ಕೆಂಪು ಪೊರೆಯನ್ನು ಒಂದು ದಿನವೂ ಪೂರ್ತಿ ಬಿಡಿಸಿದವಳಲ್ಲ. "ಸಾಕು, ಕೊಡಮ್ಮ ಇಲ್ಲಿ," ಎಂದು ಮೇಷ್ಟ್ರೇ ಸೂಜಿ ಕಸಿದುಕೊಂಡರು. ಒಂದೇ ಎಳೆತಕ್ಕೆ ಪೊರೆ ಚೀಲದಂತೆ ಕಳಚಿ ಬಂತು. "ಈಗ ಎಣಿಸು."

ಅವಳು ಎರಡು ಸಲ ಎಣಿಸಿದಳು. "ಆರು, ಸರ್."

"ನಾಲ್ಕು ವರ್ಷದ ಕೆಲಸ ನೀರುಪಾಲು ಮಾಡ್ಕೊಂಡ್ಯಲ್ಲಮ್ಮ," ಎನ್ನುತ್ತ ಅವರು ಸೂಜಿಗೆ ಅಂಟಿದ್ದ ಪೊರೆಯನ್ನು ಎಂದಿನಂತೆ ಟಿಶ್ಯೂ ಪೇಪರಿಗೆ ಒರೆಸಲು ಹೋದರು. ಮೂವತ್ತು ವರ್ಷದ ಅಭ್ಯಾಸ. ತಾನು ಯಾವತ್ತೂ ಪೊರೆಯ ಸಮೇತವೇ ಎಣಿಸಿದ್ದು ಅವಳಿಗೆ ಆಗ ಹೊಳೆಯಿತು. "ಸರ್, ಒರೆಸಬೇಡಿ!" ಎಂದವಳೇ ಅವರ ಮಣಿಕಟ್ಟು ಹಿಡಿದುಬಿಟ್ಟಳು.

ಪೊರೆಯನ್ನು ಒಂದು ಹನಿ ಉಪ್ಪುನೀರಿನಲ್ಲಿ ಹರಡಿ ಲೆನ್ಸಿನ ಕೆಳಗಿಟ್ಟಳು. ಅದರ ಒಳಮೈಗೆ ಇನ್ನೊಂದು ಕೊಳವೆ ಕಚ್ಚಿಕೊಂಡಿತ್ತು. ಹರಿದ ತುದಿಯಿಂದ ಕೂದಲೆಳೆಯಂಥ ವೀರ್ಯಾಣುಗಳು ಬಾಲ ಆಡಿಸುತ್ತ ಹೊರಬರುತ್ತಿದ್ದವು. ಮೇಷ್ಟ್ರು ಬಗ್ಗಿ ಲೆನ್ಸಿಗೆ ಕಣ್ಣಿಟ್ಟು ನೋಡಿದರು. ಆಮೇಲೆ, ಲೆನ್ಸಿನಿಂದ ಕಣ್ಣು ತೆಗೆಯದೆಯೇ, ಎಡಗೈಯಿಂದ ತಡಕಾಡಿ ಟಿಶ್ಯೂ ಪೇಪರಿನ ಕಟ್ಟನ್ನು ಅವಳ ಕಡೆಗೆ ತಳ್ಳಿದರು.

"ಇದನ್ನ ನನ್ನ ಕೈಗೆ ಸಿಗದ ಹಾಗೆ ಎಲ್ಲಾದರೂ ಇಟ್ಟುಬಿಡಮ್ಮ."