ಅಡ್ಡಿ ಏನೂ ಇಲ್ಲ

ಕಚೇರಿಗೆ ಅಜೈಲ್ ಎಂಬ ಹೊಸ ಕೆಲಸದ ಪದ್ಧತಿ ಬಂದಾಗಿನಿಂದ ತಂಡದವರೆಲ್ಲ ದಿನಾ ಬೆಳಿಗ್ಗೆ ಬೋರ್ಡಿನ ಮುಂದೆ ನಿಂತು, ನಿನ್ನೆ ಮಾಡಿದ್ದೇನು, ಇವತ್ತು ಮಾಡುವುದೇನು, ಕೆಲಸಕ್ಕೆ ಅಡ್ಡಿಯೇನು ಎಂದು ಹೇಳಬೇಕಿತ್ತು. ಅಂದು ಚಂದ್ರಿಕಾ ಗೋಡೆಗೆ ಒರಗಿಕೊಂಡೇ ಹೇಳಿ ಮುಗಿಸಿದಳು.

"ಅಡ್ಡಿ ಏನೂ ಇಲ್ಲ ಸರ್."

ಉಳಿದವರು ಹೋದ ಮೇಲೆ ತಂಡದ ಮುಖ್ಯಸ್ಥ ಮಾಲತೇಶ ಅವಳನ್ನು ನಿಲ್ಲಿಸಿದ.

"ಕಣ್ಣೆಲ್ಲ ಕೆಂಪಗಾಗಿದೆಯಲ್ಲ ಚಂದ್ರಿಕಾ, ನಿದ್ದೆ ಮಾಡಿಲ್ವಾ?"

"ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದೆ ಸರ್. ಅಮ್ಮನಿಗೆ ವೆಂಟಿಲೇಟರ್ ಹಾಕಿದ್ದಾರೆ. ಡಾಕ್ಟರು ಆಸೆ ಇಟ್ಕೋಬೇಡಿ ಅಂದ್ರು."

ಮಾಲತೇಶ ಪಕ್ಕದ ಕುರ್ಚಿಯನ್ನು ಅವಳತ್ತ ಎಳೆದ.

"ಅಯ್ಯೋ, ಮೀಟಿಂಗಲ್ಲೇ ಹೇಳೋದಲ್ವಾ? ಅಡ್ಡಿ ಏನು ಅಂತ ದಿನಾ ಕೇಳೋದು ಮತ್ಯಾಕೆ?"

ಅವಳು ನಿಧಾನವಾಗಿ ತಲೆ ಎತ್ತಿದಳು.

"ಯಾವ ಅಡ್ಡಿ ಹೇಳಿದ್ರೂ, ಅದು ಯಾವತ್ತು ಮುಗಿಯುತ್ತೆ ಅಂತ ಕೇಳ್ತೀರಲ್ಲ ಸರ್."